ಊರಿನ ಕೆಲಸಕ್ಕೆ ನಿಲ್ಲುವ ಮಕ್ಕಳಿಗೊಂದು ದತ್ತಿನಿಧಿ: ನಿಮ್ಮ ಶಾಲೆಯಲ್ಲಿ ಶುರು ಮಾಡುವುದು ಹೇಗೆ

ನಮ್ಮ ಕಡೆಯ ಪ್ರೌಢಶಾಲೆಗಳಲ್ಲಿ ದತ್ತಿ ಬಹುಮಾನ ಅಂದರೆ ಅಂಕಕ್ಕೆ ಕೊಡುವ ಬಹುಮಾನ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಹೆಚ್ಚು ತೆಗೆದವರಿಗೆ ಯಾರದೋ ತಾಯಿಯ ನೆನಪಿನಲ್ಲಿ ಐನೂರು, ಗಣಿತಕ್ಕೆ ಹೆಚ್ಚು ತೆಗೆದವರಿಗೆ ಇನ್ಯಾರದೋ ತಂದೆಯ ನೆನಪಿನಲ್ಲಿ ಸಾವಿರ. ಇಪ್ಪತ್ತೊಂಬತ್ತು ವರ್ಷ ವಿಜ್ಞಾನದ ಟೀಚರಾಗಿದ್ದ ನಾನು ಅಂಥ ಎಷ್ಟೋ ಲಕೋಟೆಗಳ ಮೇಲೆ ಹೆಸರು ಬರೆದಿದ್ದೇನೆ. ಹೆಚ್ಚಿನ ವರ್ಷ ಒಂದೇ ಮಗು ನಾಲ್ಕೈದು ಸಲ ವೇದಿಕೆ ಹತ್ತಿ ಇಳಿಯುತ್ತಿತ್ತು. ಕುರ್ಚಿ ಹೊತ್ತು ಜೋಡಿಸಿದ, ಮೈಕಿನವರಿಗೆ ವೈರು ಎಳೆದುಕೊಟ್ಟ, ಅಜ್ಜಿಯರನ್ನು ಕೈಹಿಡಿದು ತಂದು ಕೂರಿಸಿದ ಮಕ್ಕಳು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು.

ಓದಿನಲ್ಲಿ ಮುಂದಿರುವ ಬಡ ಮಕ್ಕಳಿಗೆ ಒಂದಿಷ್ಟಾದರೂ ದಾರಿ ಇದೆ. 8ನೇ ತರಗತಿಯಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನಕ್ಕೆ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ, ಅಪ್ಪ ಅಮ್ಮನ ವರ್ಷದ ಆದಾಯ 3.5 ಲಕ್ಷ ಮೀರಿರಬಾರದು. ಓದಿನಲ್ಲಿ ಸಾಧಾರಣ, ಆದರೆ ಊರಿಗೆ ಆಸರೆ ಎನ್ನುವಂಥ ಮಗುವನ್ನು ಕರೆದು ಬೆನ್ನು ತಟ್ಟುವವರು ಯಾರು? ನಾನು ನಿವೃತ್ತಳಾದ ಮೇಲೆ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳು ಮನೆಗೆ ಬಂದು "ಮೇಡಂ, ನಾವೂ ಒಂದು ದತ್ತಿ ಇಡ್ತೀವಿ, ಯಾವ ಸಬ್ಜೆಕ್ಟಿಗೆ ಅಂತ ನೀವೇ ಹೇಳಿ" ಅಂದಾಗ ನಾನು ಯಾವ ಸಬ್ಜೆಕ್ಟಿಗೂ ಬೇಡ ಅಂದೆ. ಊರಿನ ಕೆಲಸಕ್ಕೆ ನಿಲ್ಲುವ ಮಕ್ಕಳಿಗೆ ಇಡಿ ಅಂದೆ. ಅವರು ಒಪ್ಪಿದರು. ಅದನ್ನು ನಡೆಸುತ್ತ ಕಲಿತದ್ದನ್ನು, ನಿಮ್ಮ ಶಾಲೆಯಲ್ಲೂ ಯಾರಾದರೂ ಶುರು ಮಾಡಲಿ ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವರ್ಷದ ತಪ್ಪಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಮಾಡಬಹುದಾದ ತಪ್ಪು ಅದು. ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದೆವು. ಸಮಾಜಸೇವೆ ಮಾಡಿದ ಹತ್ತನೇ ತರಗತಿಯವರು ಪುರಾವೆ ಸಮೇತ ಅರ್ಜಿ ಕೊಡಿ, ಹೆಚ್ಚು ಗಂಟೆ ಮಾಡಿದವರಿಗೆ ಐದು ಸಾವಿರ. ಹನ್ನೊಂದು ಅರ್ಜಿ ಬಂದವು. ಗೆದ್ದ ಹುಡುಗನ ಫೈಲಿನಲ್ಲಿ ಇಪ್ಪತ್ತಾರು ಬಣ್ಣದ ಫೋಟೋ ಇದ್ದವು. ಪರಿಸರ ದಿನ ಗಿಡ ನೆಟ್ಟದ್ದು, ಅಕ್ಟೋಬರ್ 2ರ ಶ್ರಮದಾನ, ಬಸ್‌ಸ್ಟ್ಯಾಂಡ್ ಗುಡಿಸಿದ್ದು, ಹೀಗೆ. ಹುಡುಗ ಒಳ್ಳೆಯವನು, ಸುಳ್ಳು ಹೇಳಿರಲಿಲ್ಲ. ಅವನ ಅಪ್ಪನ ಹತ್ತಿರ ಬೈಕಿತ್ತು, ಫೋನಿತ್ತು, ಕಾರ್ಯಕ್ರಮ ಇದ್ದಲ್ಲಿಗೆ ಮಗನನ್ನು ಕರೆದೊಯ್ಯುವಷ್ಟು ಬಿಡುವಿತ್ತು.

ಆಗಸ್ಟ್ 15ರಂದು ಬಾವುಟ ಹಾರಿಸಿ, ಬಹುಮಾನ ಕೊಟ್ಟು ಮನೆಗೆ ಹೊರಟಾಗ ಮಳೆ ಜೋರಾಯಿತು. ನಮ್ಮ ದಾರಿಯಲ್ಲಿ ಒಂದು ಹಳ್ಳ ಇದೆ, ಮೂರು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ ಇದೆ. ಅದೇ ಹತ್ತನೇ ತರಗತಿಯ ಒಬ್ಬ ಹುಡುಗಿ ಮೂರು ಪುಟ್ಟ ಮಕ್ಕಳನ್ನು ಒಂದೊಂದಾಗಿ ದಾಟಿಸುತ್ತಿದ್ದಳು. ಒಂದನ್ನು ಆಚೆ ಬಿಟ್ಟು, ಮತ್ತೆ ಬಂದು ಇನ್ನೊಂದರ ಕೈ ಹಿಡಿಯುತ್ತಿದ್ದಳು. ಮಕ್ಕಳು ಅವಳ ತಮ್ಮ ತಂಗಿಯರಲ್ಲ, ಆಚೆ ಕೇರಿಯವರು. ಕೇಳಿದರೆ, ಹಿಂದಿನ ಮಳೆಗಾಲದಿಂದಲೂ ಶಾಲೆಗೆ ಬರುವಾಗ ಹೋಗುವಾಗ ಇದೇ ಕೆಲಸ. "ನೀನ್ಯಾಕೆ ಅರ್ಜಿ ಹಾಕಲಿಲ್ಲ?" ಅಂದೆ. "ಇದೆಂಥ ಸೇವೆ ಮೇಡಂ, ಹೆಂಗೂ ನಾನು ಬರೋ ದಾರಿನೇ ಅಲ್ವಾ" ಅಂದಳು.

ಅವತ್ತು ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ದತ್ತಿಯ ನಿಯಮವನ್ನು ಮರುದಿನವೇ ಹರಿದು ಹೊಸದಾಗಿ ಬರೆಯಲು ಕೂತೆ. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ. ನಿಜವಾಗಿ ಕೈ ನೀಡುವ ಮಕ್ಕಳಿಗೆ ತಾವು ಮಾಡುತ್ತಿರುವುದಕ್ಕೆ "ಸೇವೆ" ಎಂಬ ಹೆಸರಿದೆ ಅಂತಲೇ ಗೊತ್ತಿರುವುದಿಲ್ಲ. ಅವರಿಂದ ಅರ್ಜಿ ಕಾಯಬೇಡಿ, ನೀವೇ ಹುಡುಕಿಕೊಂಡು ಹೋಗಿ.

ಹುಡುಕುವ ಬಗೆ

ಈಗ ನಾವು ಅರ್ಜಿಯ ಜೊತೆಗೆ ಚೀಟಿ ಪದ್ಧತಿ ಇಟ್ಟುಕೊಂಡಿದ್ದೇವೆ. ಅಂಗೈಯಗಲದ ಚೀಟಿಯಲ್ಲಿ ಎರಡೇ ಪ್ರಶ್ನೆ: ಯಾವ ಮಗು? ಏನು ಮಾಡುವುದನ್ನು ನೀವು ಕಣ್ಣಾರೆ ನೋಡಿದ್ದೀರಿ? ಈ ಚೀಟಿಗಳನ್ನು ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಗ್ರಂಥಪಾಲಕರಿಗೆ, ಬೆಳಗಿನ ಬಸ್ಸಿನ ಕಂಡಕ್ಟರಿಗೆ, ಹಾಲಿನ ಡೈರಿಯವರಿಗೆ ಕೊಟ್ಟು ಬರುತ್ತೇವೆ. ಬಿಸಿಯೂಟದ ಅಡುಗೆಯವರನ್ನು ಮಾತ್ರ ದಯವಿಟ್ಟು ಬಿಡಬೇಡಿ. ಊಟದ ಹೊತ್ತಿನಲ್ಲಿ ಮಕ್ಕಳು ಹೇಗಿರುತ್ತಾರೆ ಎನ್ನುವುದು ಮುಖ್ಯೋಪಾಧ್ಯಾಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಎರಡನೇ ವರ್ಷ ನಮಗೆ ಸಿಕ್ಕ ಹುಡುಗ ಅಡುಗೆಯವರ ಚೀಟಿಯಿಂದಲೇ ಸಿಕ್ಕಿದ್ದು. ಕಾಲಿಗೆ ಬಲವಿಲ್ಲದ ಸಹಪಾಠಿಗೆ ದಿನಾ ತಟ್ಟೆ ತಂದುಕೊಟ್ಟು, ತೊಳೆದಿಟ್ಟು, ಮೂತ್ರಾಲಯದವರೆಗೆ ಕೈಹಿಡಿದು ಕರೆದೊಯ್ಯುತ್ತಿದ್ದ. ತರಗತಿಯಲ್ಲಿ ಗಲಾಟೆ ಮಾಡುತ್ತಾನೆಂದು ನಾನೇ ಅವನನ್ನು ಎಷ್ಟೋ ಸಲ ಹೊರಗೆ ನಿಲ್ಲಿಸಿದ್ದೆ.

ಇನ್ನೊಂದು ಜಾಗ ಮಕ್ಕಳ ಗ್ರಾಮಸಭೆ. ವರ್ಷಕ್ಕೊಮ್ಮೆ ನಡೆಯುವ ಆ ಸಭೆಯಲ್ಲಿ ಎದ್ದು ನಿಂತು ನಲ್ಲಿ ಸೋರುತ್ತಿದೆ, ಅಂಗನವಾಡಿಗೆ ಬೇಲಿ ಇಲ್ಲ ಎಂದು ಹೇಳುವ ಮಕ್ಕಳ ಹೆಸರು ಬರೆದುಕೊಳ್ಳಿ. ಕೊರತೆಯನ್ನು ಗಮನಿಸುವ ಕಣ್ಣು ಇರುವವರು ಅವರು.

ಗಂಟೆ ಎಷ್ಟು, ಯಾವುದಕ್ಕೆ ಲೆಕ್ಕ

ಎನ್‌ಎಸ್‌ಎಸ್ ಸ್ವಯಂಸೇವಕರಿಗೆ ಎರಡು ವರ್ಷದಲ್ಲಿ 240 ಗಂಟೆ ಎಂಬ ಲೆಕ್ಕವಿದೆ. ಅದು ಕಾಲೇಜಿನವರಿಗೆ. ಹೈಸ್ಕೂಲು ಮಕ್ಕಳಿಗೆ ಅಷ್ಟು ಹೇಳಿದರೆ ಬಿಡುವಿರುವ ಮನೆಯ ಮಕ್ಕಳು ಮಾತ್ರ ಉಳಿಯುತ್ತಾರೆ. ನಾವು 9ನೇ ತರಗತಿಯ ಜೂನ್‌ನಿಂದ 10ನೇ ತರಗತಿಯ ಡಿಸೆಂಬರ್‌ವರೆಗೆ ಒಟ್ಟು 50 ಗಂಟೆ ಇಟ್ಟಿದ್ದೇವೆ. ವಾರಕ್ಕೆ ಸುಮಾರು ನಲವತ್ತು ನಿಮಿಷ. ಜನವರಿಯಿಂದ ಹತ್ತನೇ ತರಗತಿಯವರು ಪುಸ್ತಕ ಹಿಡಿಯಲಿ. 50 ದಾಟಿದ ಮೇಲೆ ಎಷ್ಟೇ ಗಂಟೆ ಮಾಡಿದ್ದರೂ ಹೆಚ್ಚು ಅಂಕವಿಲ್ಲ. ಈ ಮಿತಿ ಹಾಕಿದ ವರ್ಷದಿಂದ ಉಬ್ಬಿಸಿ ಬರೆಯುವುದು ತಾನಾಗಿಯೇ ನಿಂತಿತು.

ಇಲ್ಲಿ ನನ್ನ ಹಟವೊಂದಿದೆ, ಸಮಿತಿಯಲ್ಲಿ ಜಗಳವಾಡಿ ಉಳಿಸಿಕೊಂಡದ್ದು. ಆ 50ರಲ್ಲಿ 25 ಗಂಟೆಯವರೆಗೆ ಮನೆಯೊಳಗಿನ ಆರೈಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಹಾಸಿಗೆ ಹಿಡಿದ ಅಜ್ಜನಿಗೆ ಗಂಜಿ ಕುಡಿಸುವುದು, ಮಾತು ಬಾರದ ತಮ್ಮನನ್ನು ನೋಡಿಕೊಳ್ಳುವುದು ಇಂಥವು. "ಮನೆ ಕೆಲಸ ಹೇಗೆ ಸಮಾಜಸೇವೆ ಆಗುತ್ತೆ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ನಮ್ಮ ಮಲೆನಾಡಿನ ಲೆಕ್ಕ ಹೇಳಿದೆ. ಅಡಿಕೆ ಕೊಯ್ಲು ಶುರುವಾದರೆ ಎಷ್ಟೋ ಹೆಣ್ಣುಮಕ್ಕಳು ಸಂಜೆ ಶಾಲೆ ಬಿಟ್ಟೊಡನೆ ಅಮ್ಮನ ಜೊತೆ ಸುಲಿಯಲು ಕೂರುತ್ತಾರೆ, ಎದ್ದಾಗ ರಾತ್ರಿ ಹತ್ತು. ಅಜ್ಜಿಯ ಔಷಧಿಯನ್ನೂ ಅವಳೇ ನೋಡಬೇಕು. ಬಸ್‌ಸ್ಟ್ಯಾಂಡ್ ಗುಡಿಸಲು ಅವಳಿಗೆ ಹೊತ್ತೆಲ್ಲಿದೆ? ಅವಳನ್ನು ಹೊರಗಿಟ್ಟು ಕೊಡುವ ಬಹುಮಾನ ನನಗೆ ಬೇಡ ಅಂದೆ. ಉಳಿದ 25 ಗಂಟೆಯನ್ನು ಅಂಥವರು ಶಾಲೆಯೊಳಗೇ ಮಾಡಬಹುದು. ಊಟದ ಬಿಡುವಿನಲ್ಲಿ ಐದನೇ ತರಗತಿಯ ಮಗುವಿಗೆ ಓದು ಹೇಳಿಕೊಡುವ ಕಾಲು ಗಂಟೆಯೂ ಕಾಲು ಗಂಟೆಯೇ.

ಲೆಕ್ಕಕ್ಕೆ ಬರದವು ಯಾವುವು ಎಂದೂ ಮೊದಲೇ ಬರೆದಿಡಿ. ಯಾರದೋ ತೋಟದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಸಿಕೊಂಡು "ಸೇವೆ" ಎಂದು ರುಜು ಹಾಕಿಕೊಟ್ಟರೆ ಅದು ಸೇವೆಯಲ್ಲ. ಚುನಾವಣೆಯ ಕರಪತ್ರ ಹಂಚಿದ್ದು ಬೇಡ. ಶಾಲೆಯೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾಡಿಸಿದ ಶ್ರಮದಾನವೂ ಬೇಡ, ಅದು ಎಲ್ಲರದ್ದು.

ಮಾಡಬಾರದ ಕೆಲಸಗಳು

ಮಕ್ಕಳ ಮೈಗೆ, ಮಾನಕ್ಕೆ ಧಕ್ಕೆಯಾಗುವ ಯಾವುದನ್ನೂ ಪ್ರೋತ್ಸಾಹಿಸಬಾರದು. ಚರಂಡಿ, ಬಾವಿ, ನೀರಿನ ಟ್ಯಾಂಕಿಗೆ ಇಳಿಯುವಂತಿಲ್ಲ. ಹೊಳೆದಂಡೆಯ ಕೆಲಸ ಮಳೆಗಾಲದಲ್ಲಿ ಇಲ್ಲ. ಆ ಹುಡುಗಿಯ ವಿಷಯದಲ್ಲೂ ನಾವು ಮೆಚ್ಚಿ ಸುಮ್ಮನಾಗಲಿಲ್ಲ, ಸಂಕಕ್ಕೆ ಕೈಹಿಡಿ ಕಟ್ಟಿಸಲು ಪಂಚಾಯಿತಿಗೆ ಅರ್ಜಿ ಕೊಟ್ಟೆವು. ದೊಡ್ಡವರು ಮಾಡಬೇಕಾದ ಕೆಲಸವನ್ನು ಮಗುವಿನ ಹೆಗಲಿಗೆ ಹಾಕಿ ಚಪ್ಪಾಳೆ ಹೊಡೆಯುವುದು ಸರಿಯಲ್ಲ.

ನಮ್ಮ ಜಿಲ್ಲೆಗೆ ಇನ್ನೊಂದು ನಿಯಮ ಬೇಕೇ ಬೇಕು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಈಗಲೂ ಹೋಗಿಲ್ಲ, ಕಾಡಿನ ಉಣುಗು ಕಚ್ಚಿ ಬರುವ ಅದರ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ. ಆ ತಿಂಗಳುಗಳಲ್ಲಿ ಕಾಡಂಚಿನ ಯಾವ ಕೆಲಸವೂ, ಬೀಜ ಸಂಗ್ರಹವೂ ಪ್ಲಾಸ್ಟಿಕ್ ಹೆಕ್ಕುವುದೂ, ನಮ್ಮಲ್ಲಿ ಇಲ್ಲ. ನಿಮ್ಮ ಊರಿಗೆ ನಿಮ್ಮದೇ ಅಪಾಯಗಳಿರುತ್ತವೆ, ಹೆದ್ದಾರಿಯೋ ಕಲ್ಲುಕ್ವಾರಿಯೋ. ಕೂತು ಯೋಚಿಸಿ ಬರೆಯಿರಿ.

ಬೇರೆಯವರ ಮನೆಗೆ ಹೋಗುವುದಾದರೆ ಇಬ್ಬರು ಜೊತೆಯಾಗಿ ಹೋಗಬೇಕು, ಕತ್ತಲಾಗುವ ಮೊದಲು ಮನೆ ಸೇರಬೇಕು. 1098 ಮಕ್ಕಳ ಸಹಾಯವಾಣಿ ಎಂದು ಪ್ರತಿ ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆಸುತ್ತೇವೆ. ವಯಸ್ಸಾದವರಿಗೆ ಪಿಂಚಣಿ ಕಾಗದ ಓದಿ ಹೇಳುವುದು ಬಹಳ ಒಳ್ಳೆಯ ಕೆಲಸ, ಆದರೆ ಅವರ ಎಟಿಎಂ ಪಿನ್, ಒಟಿಪಿ, ಪಾಸ್‌ಬುಕ್ ಮುಟ್ಟಬಾರದು. ನಾಳೆ ನೂರು ರೂಪಾಯಿ ಹೆಚ್ಚು ಕಡಿಮೆಯಾದರೆ ಮಾತು ಬರುವುದು ಮಗುವಿನ ಮೇಲೆ.

ನೋಟುಬುಕ್ಕು

ಫೋಟೋ ಬೇಡ ಎಂದಮೇಲೆ ಪುರಾವೆ ಏನು? ನೂರು ಪುಟದ ಒಂದು ನೋಟುಬುಕ್ಕು. ದತ್ತಿಯ ದುಡ್ಡಿನಲ್ಲೇ ಕೊಂಡು 9ನೇ ತರಗತಿಯ ಎಲ್ಲರಿಗೂ ಕೊಡಿ, ಕೇಳಿದವರಿಗೆ ಮಾತ್ರವಲ್ಲ. ದಿನಾಂಕ, ಎಷ್ಟರಿಂದ ಎಷ್ಟು ಹೊತ್ತು, ಏನು ಮಾಡಿದೆ, ಏನು ನೋಡಿದೆ, ನೋಡಿದವರ ರುಜು. ಇಷ್ಟೇ.

"ಏನು ನೋಡಿದೆ" ಎಂಬ ಅಂಕಣವೇ ಇದರ ಜೀವ. ಮಕ್ಕಳಿಗೆ ಮೊದಲ ವಾರ ಅದನ್ನು ಕೂರಿಸಿಕೊಂಡು ಕಲಿಸಬೇಕು. ಅವರು ಬರೆಯುವುದು ಹೀಗಿರುತ್ತದೆ: "ಇಂದು ನಾವು ಡೆಂಗಿ ಬಗ್ಗೆ ಜಾಗೃತಿ ಮೂಡಿಸಿದೆವು. ಜನರು ಸಂತೋಷಪಟ್ಟರು." ಇದರಲ್ಲಿ ಏನೂ ಇಲ್ಲ. ನಾನು ಆ ಹುಡುಗನನ್ನು ಕೇಳಿದೆ, ಎಷ್ಟು ಮನೆಗೆ ಹೋದೆ? ಏಳು. ನೀರು ಎಲ್ಲಿ ನಿಂತಿತ್ತು? ಯೋಚಿಸಿ ಹೇಳಿದ. ಆಮೇಲೆ ಅವನೇ ಬರೆದದ್ದು: "ಏಳು ಮನೆ. ನಾಲ್ಕು ಮನೆಯ ಹಿತ್ತಲಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನೀರಿತ್ತು, ಎರಡರಲ್ಲಿ ಹುಳ ಓಡಾಡುತ್ತಿತ್ತು. ಒಂದು ಮನೆಯಲ್ಲಿ ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲೂ ಇತ್ತು. ಡ್ರಮ್ಮಿನ ನೀರು ಚೆಲ್ಲಲು ಅಜ್ಜಿ ಒಪ್ಪಲಿಲ್ಲ, ಬಟ್ಟೆ ಕಟ್ಟಿ ಬಂದೆ. ಮುಂದಿನ ಭಾನುವಾರ ಮತ್ತೆ ನೋಡಬೇಕು." ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಎಂಟು ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಕು ಎಂದು ನಾನು ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿ ಹೇಳಿದ್ದು ಅವನ ತಲೆಗೆ ಹೋಗಿದ್ದು ಅವತ್ತು.

ರುಜು ಮಾಡುವವರು ಅಪ್ಪ ಅಮ್ಮ ಆಗಿರಬಾರದು. ಮನೆಯೊಳಗಿನ ಆರೈಕೆಗೆ ಆಶಾ ಕಾರ್ಯಕರ್ತೆ ಅಥವಾ ಪಕ್ಕದ ಮನೆಯವರು ಹಾಕಲಿ. ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತಿದರೂ ಸರಿ, ಅವರ ಹೆಸರನ್ನು ಮಗು ಬರೆಯಲಿ. ತಿಂಗಳಿಗೊಮ್ಮೆ ಒಬ್ಬ ಶಿಕ್ಷಕರು ಪುಸ್ತಕ ತಿರುವಿ ದಿನಾಂಕ ಹಾಕಬೇಕು. ಹೀಗೆ ಮಾಡದೆ ಹೋದರೆ ಎಲ್ಲ ರುಜುಗಳೂ ಕೊನೆಯ ದಿನ ಒಂದೇ ಪೆನ್ನಿನಲ್ಲಿ ಬೀಳುತ್ತವೆ. ನೋಟುಬುಕ್ಕು ಕೊಟ್ಟ ಮೊದಲ ವರ್ಷ ಬಿದ್ದಿದ್ದವು.

ದುಡ್ಡಿನ ವ್ಯವಸ್ಥೆ

ನಮ್ಮದು ಎರಡು ಲಕ್ಷದ ಠೇವಣಿ. ನಲವತ್ತು ಜನ ಐದೈದು ಸಾವಿರ ಹಾಕಿದರು. ಶೇ 6.5 ಬಡ್ಡಿ ಎಂದಿಟ್ಟುಕೊಂಡರೆ ವರ್ಷಕ್ಕೆ 13,000. ಐದೈದು ಸಾವಿರದ ಎರಡು ಬಹುಮಾನ, ಸಾವಿರದಷ್ಟು ನೋಟುಬುಕ್ಕು ಮತ್ತು ಚಹಾ ಖರ್ಚು, ಉಳಿದ ಎರಡು ಸಾವಿರ ಮತ್ತೆ ಅಸಲಿಗೆ. ಅಸಲನ್ನು ಯಾವ ಕಾರಣಕ್ಕೂ ಮುಟ್ಟುವುದಿಲ್ಲ ಎಂದು ಮೊದಲ ಸಭೆಯಲ್ಲೇ ನಡಾವಳಿ ಬರೆದು ಎಲ್ಲರ ರುಜು ಹಾಕಿಸಿ.

ಠೇವಣಿ ಒಬ್ಬರ ಹೆಸರಿನಲ್ಲಿ ಇಡಬೇಡಿ, ಅವರು ಎಷ್ಟೇ ನಂಬಿಕಸ್ಥರಿರಲಿ. ನಾಳೆ ಅವರು ತೀರಿಕೊಂಡರೆ ದುಡ್ಡು ವಾರಸುದಾರರ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. ಹಳೇ ವಿದ್ಯಾರ್ಥಿಗಳ ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಲು ಕನಿಷ್ಠ ಏಳು ಜನ ಸಾಕು. ಸಂಘದ ಹೆಸರಿನಲ್ಲೇ ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಮಾಡಿಸಿ, ಇಬ್ಬರು ರುಜು ಹಾಕಿದರೆ ಮಾತ್ರ ಹಣ ತೆಗೆಯುವಂತೆ ಬರೆದುಕೊಡಿ. ಪ್ರತಿ ವರ್ಷದ ಲೆಕ್ಕವನ್ನು ಶಾಲೆಯ ಗೋಡೆಗೆ ಅಂಟಿಸಿ.

ಹಣ ಮಗುವಿನ ಖಾತೆಗೇ ಹೋಗಲಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಉಳಿತಾಯ ಖಾತೆ ತೆರೆಯಬಹುದು. ಬ್ಯಾಂಕುಗಳಲ್ಲೂ ತೆರೆಯಬಹುದು. ಲಕೋಟೆಯಲ್ಲಿ ನಗದು ಕೊಟ್ಟರೆ ಅದು ಸಂಜೆಯೊಳಗೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಲು ಬಾರದ ಮನೆಗಳೂ ಇವೆ.

ಹೊತ್ತು ಕೂಡ ಮುಖ್ಯ. ಆಗಸ್ಟ್ 15ಕ್ಕೆ ಕೊಟ್ಟರೆ ನೋಡಲು ಚೆಂದ, ಆದರೆ ಮಗುವಿಗೆ ದುಡ್ಡು ಬೇಕಾಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಪಿಯುಸಿಗೆ ಸೇರುವಾಗ. ಸಮವಸ್ತ್ರ, ಪುಸ್ತಕ, ಹಾಸ್ಟೆಲಿಗೆ ಒಂದು ಟ್ರಂಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿದೆ, ಗಂಡುಮಕ್ಕಳಿಗೆ ಪಾಸಿನ ದುಡ್ಡು ಹೊಂದಿಸಬೇಕು. ಅದಕ್ಕೇ ನಾವು ಹಣವನ್ನು ಆ ದಿನಗಳಲ್ಲೇ ಖಾತೆಗೆ ಹಾಕಿ, ಸನ್ಮಾನವನ್ನು ಮಾತ್ರ ಆಗಸ್ಟ್‌ಗೆ ಇಟ್ಟುಕೊಂಡಿದ್ದೇವೆ. ಪರೀಕ್ಷೆಯಲ್ಲಿ ಫೇಲಾದರೂ ಕೊಡುತ್ತೇವೆ. ಹಾಗೆ ಒಮ್ಮೆ ಕೊಟ್ಟಿದ್ದೇವೆ, ಆ ಹುಡುಗ ಅದರಲ್ಲೇ ಮರುಪರೀಕ್ಷೆಯ ಶುಲ್ಕ ಕಟ್ಟಿದ.

ಆರಿಸುವ ದಿನ

ಸಮಿತಿಯಲ್ಲಿ ಐದು ಜನರಿರಲಿ, ಇಬ್ಬರಾದರೂ ಹೆಂಗಸರು, ಒಬ್ಬರು ಶಾಲೆಗೂ ಸಂಘಕ್ಕೂ ಸೇರದವರು. ಯಾರ ಮಗುವೋ ಸಂಬಂಧಿಕರೋ ಪಟ್ಟಿಯಲ್ಲಿದ್ದರೆ ಆ ವರ್ಷ ಅವರು ಹೊರಗೆ. ಸಣ್ಣ ಊರಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದು ಕಷ್ಟ, ಬರೆದಿಟ್ಟರೆ ಸುಲಭ.

ನೋಟುಬುಕ್ಕುಗಳನ್ನು ಡಿಸೆಂಬರ್ ಕೊನೆಗೆ ತರಿಸಿಕೊಂಡು, ಎಲ್ಲರೂ ಎಲ್ಲವನ್ನೂ ಓದಬೇಕು. ಆಮೇಲೆ ಎಂಟು ಹತ್ತು ಮಕ್ಕಳನ್ನು ಕರೆದು ಕಾಲು ಗಂಟೆ ಮಾತಾಡಿಸುತ್ತೇವೆ. ಎತ್ತರದ ಕುರ್ಚಿ, ಎದುರು ಒಂಟಿ ಮಗು ಹಾಗೆಲ್ಲ ಬೇಡ. ನಾವು ಶಾಲೆಯ ಜಗಲಿಯಲ್ಲಿ ಚಾಪೆ ಹಾಕಿ ಕೂರುತ್ತೇವೆ, ಅವಲಕ್ಕಿ ಇರುತ್ತದೆ. "ಸೇವೆ ಅಂದರೇನು?" ಎಂದು ಕೇಳಿದರೆ ಭಾಷಣ ಸ್ಪರ್ಧೆಯ ಉತ್ತರ ಬರುತ್ತದೆ. ಅದರ ಬದಲು ಇವನ್ನು ಕೇಳಿ: ಶುರು ಮಾಡಿದ ಮೊದಲ ದಿನ ಏನಾಯಿತು? ಬೇಡ ಅನ್ನಿಸಿದ ದಿನ ಇತ್ತಾ, ಆವತ್ತು ಹೋದೆಯಾ? ನೀನು ಪಿಯುಸಿಗೆ ಹೋದಮೇಲೆ ಆ ಕೆಲಸ ಯಾರು ಮಾಡುತ್ತಾರೆ? ಕೊನೆಯ ಪ್ರಶ್ನೆಗೆ ಒಬ್ಬಳು ಥಟ್ಟನೆ "ಎಂಟನೇ ಕ್ಲಾಸಿನ ಇಬ್ಬರಿಗೆ ಆಗಲೇ ಹೇಳಿಕೊಟ್ಟಿದೀನಿ" ಅಂದಳು. ಅರಿವು ಕೇಂದ್ರದಲ್ಲಿ ಭಾನುವಾರ ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುತ್ತಿದ್ದ ಹುಡುಗಿ ಅವಳು. ಸಮಿತಿಯವರು ಬೇರೆ ಪ್ರಶ್ನೆ ಕೇಳಲಿಲ್ಲ.

ಅಂಕ ಹಾಕುವುದಾದರೆ ನಮ್ಮ ಲೆಕ್ಕ ಹೀಗಿದೆ: ಬಿಡದೆ ಮುಂದುವರಿಸಿದ್ದಕ್ಕೆ 10, ಕೊರತೆಯನ್ನು ತಾನಾಗಿ ಗಮನಿಸಿದ್ದಕ್ಕೆ 10, ಚೀಟಿ ಮತ್ತು ರುಜು ಮಾಡಿದವರ ಮಾತಿಗೆ 5. ಶಾಲೆಯ ಪರೀಕ್ಷೆಯ ಅಂಕಕ್ಕೆ ಸೊನ್ನೆ. ರುಜು ಮಾಡಿದವರಲ್ಲಿ ಇಬ್ಬರನ್ನಾದರೂ ನಾವೇ ಹೋಗಿ ಮಾತಾಡಿಸುತ್ತೇವೆ, ಫೋನಿನಲ್ಲಿ ಅಲ್ಲ.

ಸಿಗದವರನ್ನು ಕಡೆಗಣಿಸಬೇಡಿ. ಕರೆದು ಮಾತಾಡಿಸಿದ ಪ್ರತಿ ಮಗುವಿನ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಸಮಿತಿಯವರು ನಾಲ್ಕು ಸಾಲು ಕೈಯಾರೆ ಬರೆದು ವಾಪಸ್ ಕೊಡುತ್ತೇವೆ. ಸಾಮಾಜಿಕ ಕೆಲಸದಲ್ಲಿ ಗಟ್ಟಿಯಾಗಿ ನಿಂತ ಮಕ್ಕಳಿದ್ದರೆ ಪ್ರಧಾನಮಂತ್ರಿ ರಾಷ್ಟ್ರೀಯ ಬಾಲ ಪುರಸ್ಕಾರದ ಸಮಾಜಸೇವೆ ವಿಭಾಗಕ್ಕೂ ಹೆಸರು ಕಳಿಸಬಹುದು, 5ರಿಂದ 18 ವರ್ಷದೊಳಗಿನವರಿಗೆ ಅದು. ನೋಟುಬುಕ್ಕು ಸರಿಯಾಗಿದ್ದರೆ ಆ ಅರ್ಜಿ ತುಂಬುವುದು ಅರ್ಧ ದಿನದ ಕೆಲಸ.

ಇನ್ನು ಪ್ರಮಾಣಪತ್ರ. ಅಂಗಡಿಯಲ್ಲಿ ಸಿಗುವ, "ಉತ್ತಮ ಸಮಾಜಸೇವೆಗಾಗಿ" ಎಂದು ಮೊದಲೇ ಅಚ್ಚಾಗಿರುವ ಹಾಳೆ ತರಬೇಡಿ. ಬಿಳಿ ಹಾಳೆ ತಂದು, ಅಕ್ಷರ ಚೆನ್ನಾಗಿರುವವರಿಂದ ಮಾಡಿದ ಕೆಲಸವನ್ನೇ ಬರೆಸಿ. ಕಾಲುಸಂಕದ ಹುಡುಗಿ ಅಷ್ಟು ಹೊತ್ತಿಗೆ ಪಿಯುಸಿಗೆ ಸೇರಿದ್ದಳು, ನಮ್ಮ ನಿಯಮದ ಪ್ರಕಾರ ಹಣ ಕೊಡಲು ಬರುತ್ತಿರಲಿಲ್ಲ. ಮರುವರ್ಷದ ಆಗಸ್ಟ್ 15ಕ್ಕೆ ಅವಳನ್ನು ಕರೆಸಿ ಹಾಳೆಯೊಂದನ್ನು ಕೊಟ್ಟೆವು. ಅದರಲ್ಲಿದ್ದದ್ದು ಇಷ್ಟು: "ಎರಡು ಮಳೆಗಾಲ, ಶಾಲೆಯಿದ್ದ ಪ್ರತಿದಿನ, ಆಚೆ ಕೇರಿಯ ಮೂವರು ಮಕ್ಕಳನ್ನು ಹಳ್ಳ ದಾಟಿಸಿದ್ದಕ್ಕೆ." ಆ ಮೂವರೂ ಮುಂದಿನ ಸಾಲಿನಲ್ಲಿ ಕೂತಿದ್ದರು. ಹಾಳೆಯ ಜೆರಾಕ್ಸ್ ಪ್ರತಿ ಶಾಲೆಯ ಕಡತದಲ್ಲಿದೆ.